ಸಹಾಯ ಬೇಕು: ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ತೆಳು ಇದ್ದರೆ ಪಿಆರ್‌ಕೆ ಒಳ್ಳೆಯದಾ, ಐಸಿಎಲ್ ಒಳ್ಳೆಯದಾ?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನನ್ನ ತಂಗಿಗೆ 24 ವರ್ಷ, ಎರಡೂ ಕಣ್ಣಿಗೆ ಮೈನಸ್ 5.5 ಪವರ್. ವರ್ಷದ ಮೇಲಾಯಿತು, ನಂಬರ್ ಬದಲಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಕನ್ನಡಕದ ತುಂಬಾ ಹನಿ, ಒರೆಸಿದ ಕೂಡಲೇ ಮತ್ತೆ ಮಂಜು. ಜಾರುವ ಸಂಕದ ಮೇಲೆ ಅವಳು ತಡವರಿಸಿ ನಡೆಯೋದು ನೋಡಿದರೆ ನನಗೇ ಭಯ ಆಗುತ್ತದೆ. ಅದಕ್ಕೇ ಕನ್ನಡಕ ಬಿಡಿಸಲು ಲೇಸರ್ ಮಾಡಿಸೋಣ ಅಂತ ಹೊರಟೆವು.

ಶಿವಮೊಗ್ಗದಲ್ಲಿ ತಪಾಸಣೆ ಆಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕೋದನ್ನು ಮೊದಲೇ ನಿಲ್ಲಿಸಿದ್ದಳು, ಇಲ್ಲದಿದ್ದರೆ ಅಳತೆ ಸರಿ ಬರೋದಿಲ್ಲ. ಕಾರ್ನಿಯಾ ದಪ್ಪ 490 ಮೈಕ್ರಾನ್ ಬಂತು. ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದಲ್ವಾ? ಆಕಾರ ಸರಿ ಇದೆ, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಲಕ್ಷಣ ಇಲ್ಲ ಅಂದರು. ಆದರೆ ಕಣ್ಣು ಸ್ವಲ್ಪ ಒಣಗುತ್ತದೆ, ಡ್ರಾಪ್ಸ್ ಹಾಕುತ್ತಿದ್ದಾಳೆ.

ಪದರ ಎತ್ತಿ ಮಾಡುವ ಲಾಸಿಕ್ ಬೇಡ ಅಂತ ಇಬ್ಬರು ಡಾಕ್ಟರೂ ಹೇಳಿದ್ದಾರೆ. ಗೊಂದಲ ಇರೋದು ಅದರ ಮುಂದೆ. ಒಬ್ಬರು, ಮೇಲ್ಪದರ ತೆಗೆದು ಲೇಸರ್ ಹಾಕುವ ಪಿಆರ್‌ಕೆ ಮಾಡಬಹುದು ಅಂತಾರೆ. ಇನ್ನೊಬ್ಬರು ಕಾರ್ನಿಯಾ ಸವೆಸೋದೇ ಬೇಡ, ಕಣ್ಣೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಮಾಡಿಸಿ ಅಂತಾರೆ. ಅದಕ್ಕೆ ಖರ್ಚು ಜಾಸ್ತಿ. ಪಿಆರ್‌ಕೆ ಆದರೆ ಮೊದಲ ಕೆಲವು ದಿನ ನೋವು, ದೃಷ್ಟಿ ತಿಳಿಯಾಗಲು ವಾರಗಟ್ಟಲೆ ಬೇಕು. ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಒಲೆಯ ಹೊಗೆ ಬೇರೆ.

ತೆಳು ಕಾರ್ನಿಯಾ ಇದ್ದು ಇವೆರಡರಲ್ಲಿ ಒಂದನ್ನು ಮಾಡಿಸಿಕೊಂಡವರು ಇದ್ದೀರಾ? ಆಮೇಲೆ ಕಣ್ಣು ಒಣಗೋದು ಜಾಸ್ತಿ ಆಯಿತಾ? ಹೊಗೆ, ಧೂಳಿನ ಕೆಲಸಕ್ಕೆ ಯಾವಾಗ ಮರಳಿದಿರಿ?