‘ಅವಧಿ’ ಯಾರದು: ಸದನದ್ದೋ, ಸದಸ್ಯರದೋ?

ಗೆಳೆಯರೇ,

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನೆಯಲ್ಲಿ 2019ರಿಂದ 2023ರವರೆಗೆ ಇದ್ದ ಸದಸ್ಯರ ಪಟ್ಟಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಸರುಗಳದ್ದೇನೂ ತೊಡಕಿಲ್ಲ, ತಲೆಬರಹದ್ದೇ ತೊಡಕು. ‘2019–2023ರ ಅವಧಿಯ ವಿಧಾನ ಪರಿಷತ್ ಸದಸ್ಯರು’ ಎಂದರೆ ಓದಲು ಸಲೀಸು. ಆದರೆ ಓದಿದವರು ಇವರೆಲ್ಲ 2019ರಲ್ಲಿ ಆಯ್ಕೆಯಾಗಿ 2023ರಲ್ಲಿ ಅವಧಿ ಮುಗಿಸಿದವರು ಎಂದೇ ತಿಳಿಯುತ್ತಾರೆ. ಅಲ್ಲಿನ ನಿಯಮದ ಪ್ರಕಾರ ಯಾವ ಸದಸ್ಯರ ಪೂರ್ಣ ಅವಧಿಯೂ ಈ ನಾಲ್ಕು ವರ್ಷಕ್ಕೆ ಸರಿಹೊಂದುವುದಿಲ್ಲ.

ಆ ಸದನದಲ್ಲಿ 42 ಸ್ಥಾನಗಳಿವೆ. ಇಡೀ ರಾಜ್ಯವೇ ಒಂದು ಕ್ಷೇತ್ರ. ಸದಸ್ಯತ್ವ ಎಂಟು ವರ್ಷದ್ದು. ನಾಲ್ಕು ವರ್ಷಕ್ಕೊಮ್ಮೆ ಕೆಳಮನೆಯ ಚುನಾವಣೆಯ ಜೊತೆಗೇ ಅರ್ಧದಷ್ಟು, ಎಂದರೆ 21 ಸ್ಥಾನಗಳಿಗೆ ಮತದಾನ ನಡೆಯುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಅರ್ಧ ಸ್ಥಾನಗಳು 2015ರಿಂದ 2023ರವರೆಗಿನವು, ಉಳಿದರ್ಧ 2019ರಿಂದ 2027ರವರೆಗಿನವು. 1981ರಲ್ಲಿ ಮೊದಲ ಬಾರಿಗೆ ಆ ಸದನಕ್ಕೆ ಬಂದ ಫ್ರೆಡ್ ನೈಲ್ ಅವರ ಕೊನೆಯ ಅವಧಿ 2015ರದ್ದು. ಮಾರ್ಕ್ ಲೇಥಮ್ ಅವರದು ಇನ್ನೂ ಗೋಜಲು. 2019ರಲ್ಲಿ ಎಂಟು ವರ್ಷಕ್ಕೆ ಆಯ್ಕೆಯಾಗಿದ್ದ ಅವರು ನಾಲ್ಕು ವರ್ಷ ಬಾಕಿ ಇರುವಾಗಲೇ ರಾಜೀನಾಮೆ ಕೊಟ್ಟು, 2023ರ ಚುನಾವಣೆಗೆ ನಿಂತು ಹೊಸದಾಗಿ ಎಂಟು ವರ್ಷ ಪಡೆದರು. ಬಿಟ್ಟ ಸ್ಥಾನಕ್ಕೆ ಅವರ ಪಕ್ಷದವರೇ ಇನ್ನೊಬ್ಬರು ಬಂದರು. ಇಲ್ಲಿ ‘ಲೇಥಮ್ ಅವರ ಅವಧಿ’ ಎಂದರೆ ಯಾವುದನ್ನು ಹೇಳಿದಂತಾಯಿತು?

ನಮ್ಮಲ್ಲಿ ಈ ಗೊಂದಲ ಅಷ್ಟಾಗಿ ಕಾಣದಿರುವುದಕ್ಕೆ ಕಾರಣವಿದೆ. ವಿಧಾನಸಭೆಗೆ ಐದು ವರ್ಷ. ಸದನದ ಅವಧಿಯೂ ಸದಸ್ಯರ ಅವಧಿಯೂ ಒಟ್ಟೊಟ್ಟಿಗೇ ಮುಗಿಯುತ್ತವೆ. 2023ರಲ್ಲಿ ರಚನೆಯಾದದ್ದು ಹದಿನಾರನೆಯ ವಿಧಾನಸಭೆ ಎಂದು ಎಣಿಸುತ್ತೇವೆ. ಪರಿಷತ್ತಿಗೆ ಇಂಥ ಎಣಿಕೆ ಇಲ್ಲ, ಏಕೆಂದರೆ ಅದು ವಿಸರ್ಜನೆಯಾಗುವುದೇ ಇಲ್ಲ. ಸಂವಿಧಾನದ 172ನೆಯ ವಿಧಿಯಂತೆ ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೆಯ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆ. (ಕರ್ನಾಟಕದ 75 ಸ್ಥಾನಗಳ ಪೈಕಿ ಸ್ಥಳೀಯ ಸಂಸ್ಥೆಗಳ 25 ಸ್ಥಾನಗಳಿಗೆ 2015ರ ಡಿಸೆಂಬರ್‌ನಲ್ಲಿ ಒಮ್ಮೆಗೇ ಚುನಾವಣೆ ನಡೆಯಿತು, 2021ರ ಡಿಸೆಂಬರ್‌ನಲ್ಲಿ ಮತ್ತೆ ಒಮ್ಮೆಗೇ. ನಿವೃತ್ತಿಯ ಸರದಿ ಎಲ್ಲ ಬಗೆಯ ಕ್ಷೇತ್ರಗಳಲ್ಲೂ ಸಮನಾಗಿ ಹಂಚಿಲ್ಲ.) ಆದ್ದರಿಂದ ಪರಿಷತ್ತಿನ ಮಟ್ಟಿಗೆ ನಾವು ‘ಅವಧಿ’ ಎಂದರೆ ಅದು ಸದಸ್ಯರದ್ದೇ. ಬಸವರಾಜ ಹೊರಟ್ಟಿಯವರು 1980ರಿಂದ ಶಿಕ್ಷಕರ ಕ್ಷೇತ್ರದಿಂದ ಎಂಟು ಬಾರಿ ಗೆದ್ದಿದ್ದಾರೆ, ಇದು ಅವರ ಎಂಟನೆಯ ಅವಧಿ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆರು ವರ್ಷಕ್ಕೊಂದು ಎಂದು ಲೆಕ್ಕ ತಾನಾಗಿ ಸಿಗುತ್ತದೆ.

ನ್ಯೂ ಸೌತ್ ವೇಲ್ಸ್‌ನವರು ಎಣಿಸುವುದು ಸದನವೊಂದನ್ನೇ ಅಲ್ಲ, ಎರಡೂ ಮನೆಗಳನ್ನು ಸೇರಿಸಿ. 2019–2023ರದ್ದು ಅವರ 57ನೆಯ ಪಾರ್ಲಿಮೆಂಟು. ಇದನ್ನು ‘57ನೆಯ ಸಂಸತ್ತು’ ಎನ್ನಲು ನನಗೆ ಮನಸ್ಸಿಲ್ಲ. ಸಂಸತ್ತು ಎಂದೊಡನೆ ನಮ್ಮ ಓದುಗರ ಕಣ್ಣ ಮುಂದೆ ಬರುವುದು ದೆಹಲಿ, ಆಸ್ಟ್ರೇಲಿಯವೆಂದು ಗೊತ್ತಿದ್ದರೆ ಕ್ಯಾನ್‌ಬೆರಾ. ಸಿಡ್ನಿಯಲ್ಲಿ ಸೇರುವ ರಾಜ್ಯದ ಸಭೆ ಯಾರಿಗೂ ನೆನಪಾಗುವುದಿಲ್ಲ. ಇದಕ್ಕೆ ‘ವಿಧಾನಮಂಡಲ’ವೇ ಸರಿಯಾದ ಪದ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾಜ್ಯಪಾಲರನ್ನೂ ಎರಡು ಸದನಗಳನ್ನೂ ಸೇರಿಸಿ ನಾವು ವಿಧಾನಮಂಡಲ ಎನ್ನುತ್ತೇವೆ. ಅಲ್ಲಿಯೂ ಗವರ್ನರ್ ಪ್ರತಿನಿಧಿಸುವ ದೊರೆ ಮತ್ತು ಎರಡು ಸದನಗಳು ಸೇರಿದರೇ ಪಾರ್ಲಿಮೆಂಟು. ಸದಸ್ಯರಿಗೆ ಅಲ್ಲಿಯೂ ಎಂಎಲ್‌ಸಿ ಎಂದೇ ಕರೆಯುತ್ತಾರೆ, ಹಾಗಾಗಿ ‘ವಿಧಾನ ಪರಿಷತ್ತು’ ಎನ್ನುವುದಕ್ಕೂ ಅಡ್ಡಿಯಿಲ್ಲ. ಅಧ್ಯಕ್ಷತೆ ವಹಿಸುವವರಿಗೆ ‘ಸಭಾಪತಿ’ ಚೆನ್ನಾಗಿ ಒಪ್ಪುತ್ತದೆ.

ಇನ್ನು ಬದಲಿ ಪದಗಳು. ‘ಅಧಿಕಾರಾವಧಿ’ ಎಂಬುದು ಮಂತ್ರಿಗಳಿಗೆ, ಪಂಚಾಯಿತಿ ಅಧ್ಯಕ್ಷರಿಗೆ ಸರಿ. ವಿರೋಧ ಪಕ್ಷದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಯಾವ ಅಧಿಕಾರ? ‘ಕಾಲಾವಧಿ’ ಎಂದರೆ ಟೆಂಡರ್ ಪ್ರಕಟಣೆಯ ವಾಸನೆ ಬರುತ್ತದೆ. ‘ಅಧಿವೇಶನ’ ಸಾಧ್ಯವೇ ಇಲ್ಲ, ನಮ್ಮಲ್ಲಿ ಒಂದೊಂದು ವರ್ಷದಲ್ಲೇ ಹಲವು ಅಧಿವೇಶನಗಳು ನಡೆಯುತ್ತವೆ. ಎಲ್ಲ ನೋಡಿ ನಾನು ಹೀಗೆ ಬರೆದಿದ್ದೇನೆ: ‘57ನೆಯ ವಿಧಾನಮಂಡಲದ ಕಾಲದಲ್ಲಿ (2019–2023) ವಿಧಾನ ಪರಿಷತ್ತಿನಲ್ಲಿದ್ದ ಸದಸ್ಯರು’. ಉದ್ದವಾಯಿತು, ನಿಜ. ಆದರೆ ‘ಅವಧಿ’ಯನ್ನು ಸದಸ್ಯರಿಗೆಂದೇ ಮೀಸಲಿಟ್ಟು, ಪ್ರತಿ ಹೆಸರಿನ ಮುಂದೆ ‘ಅವಧಿ: 2015–2023’ ಎಂಬಂತೆ ನಮೂದಿಸಬಹುದು.

ವಿಕ್ಟೋರಿಯ ರಾಜ್ಯಕ್ಕೆ ಈ ಕಷ್ಟವಿಲ್ಲ. ಅಲ್ಲಿ 2006ರಿಂದ ಮೇಲ್ಮನೆಯ ನಲವತ್ತು ಜನರೂ ಒಟ್ಟಿಗೆ ನಾಲ್ಕು ವರ್ಷಕ್ಕೆ ಆಯ್ಕೆಯಾಗುತ್ತಾರೆ; ‘ಅವಧಿಯ ಸದಸ್ಯರು’ ಎಂದರೆ ಸಾಕು. ಟಾಸ್ಮೇನಿಯದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಹದಿನೈದು ಸ್ಥಾನಗಳು, ಆರು ವರ್ಷದ ಸದಸ್ಯತ್ವ, ಪ್ರತಿ ವರ್ಷ ಎರಡು ಮೂರು ಕ್ಷೇತ್ರಗಳಿಗೆ ಚುನಾವಣೆ.

ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ನ್ಯೂ ಸೌತ್ ವೇಲ್ಸ್‌ನಲ್ಲಿ ಮೇಲ್ಮನೆಯ ಸ್ಥಾನ ನಡುವೆ ತೆರವಾದರೆ ಉಪಚುನಾವಣೆ ಇಲ್ಲ. ಎರಡೂ ಸದನಗಳು ಜಂಟಿಯಾಗಿ ಸೇರಿ, ಹೋದವರ ಪಕ್ಷದವರನ್ನೇ ಉಳಿದ ವರ್ಷಗಳಿಗೆ ಆರಿಸುತ್ತವೆ. ಇವರನ್ನು ‘ನಾಮನಿರ್ದೇಶಿತರು’ ಎನ್ನಲಾಗದು, ನಮ್ಮಲ್ಲಿ ಆ ಪದ ರಾಜ್ಯಪಾಲರು ಹೆಸರಿಸುವ 11 ಮಂದಿಗೆ ಮೀಸಲು. ‘ಉಪಚುನಾವಣೆಯಲ್ಲಿ ಗೆದ್ದವರು’ ಎನ್ನಲೂ ಆಗದು. ಸದ್ಯಕ್ಕೆ ‘ತೆರವಾದ ಸ್ಥಾನಕ್ಕೆ ಉಳಿದ ಅವಧಿಗೆ ಆಯ್ಕೆಯಾದವರು’ ಎಂದು ಬರೆದಿದ್ದೇನೆ. ಪಟ್ಟಿಯ ಕಿರಿದಾದ ಅಂಕಣದಲ್ಲಿ ಇಷ್ಟು ಹಿಡಿಸುವುದಿಲ್ಲ. ಸಚಿವಾಲಯದ ಕಡತಗಳಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಹೀಗೆ ಮಿಕ್ಕ ಅವಧಿಗಷ್ಟೇ ಬರುವವರನ್ನು ಗುರುತಿಸಲು ಎರಡು ಮೂರು ಪದಗಳಲ್ಲಿ ಮುಗಿಯುವ ರೂಢಿಯ ಮಾತು ಇದೆಯೇ?