ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದ ಇಎಕ್ಸ್‌ಇ ವೈನ್‌ನಲ್ಲಿ ಓಡುತ್ತೆ, ವಿಂಡೋಸ್‌ನಲ್ಲಿ ಏಳುವುದೇ ಇಲ್ಲ

ಪ್ರಶ್ನೆ

ಉಬುಂಟು ಲಿನಕ್ಸ್‌ನಲ್ಲಿ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 (ವಿಂಡೋಸ್ ಪ್ರೋಗ್ರಾಂ ತಯಾರಿಸುವ ಕಂಪೈಲರ್) ಬಳಸಿ ಒಂದು ಸಿ++ ಪ್ರೋಗ್ರಾಮನ್ನು 64 ಬಿಟ್ ವಿಂಡೋಸ್‌ಗೆ ಕಂಪೈಲ್ ಮಾಡಿದ್ದೇನೆ. ಬಿಲ್ಡ್ ಸ್ಕ್ರಿಪ್ಟ್ ಮೂಲಕ ವೈನ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಓಡಿಸಿದರೆ ಶುರುವಾಗುತ್ತೆ. ವಿಂಡೋಸ್ 10ರಲ್ಲಿ ಲಿಬ್‌ಎಸ್‌ಟಿಡಿಸಿ++-6 ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಬಳಸುವ ಲೈಬ್ರರಿ ಫೈಲ್) ಇಲ್ಲ ಅನ್ನುತ್ತೆ. ಒಂದು ಡೌನ್‌ಲೋಡ್ ಸೈಟಿನಿಂದ ಅದನ್ನು ತಂದು ಇಎಕ್ಸ್‌ಇ ಪಕ್ಕದಲ್ಲಿಟ್ಟೆ, ಈಗ ಸಿ000007ಬಿ ಎರರ್. ಇನ್ನೊಂದು ವಿಷಯ: ಲಿನಕ್ಸ್‌ನಲ್ಲಿ ಬರೆದ ಬೈನರಿ ಡೇಟಾ ಫೈಲನ್ನು ವೈನ್‌ನಲ್ಲಿ ಓದಿಸಿದರೆ ಅರ್ಧಕ್ಕೇ ನಿಂತುಹೋಗುತ್ತೆ. ಎರಡಕ್ಕೂ ಒಂದೇ ಕಾರಣವೇ?

ಉತ್ತರ 1

ಅಲ್ಲ, ಬೇರೆ ಬೇರೆ. ಮೊದಲನೆಯದಕ್ಕೆ ಹೇಳ್ತೀನಿ.

ಸಿ000007ಬಿ ಬಂದರೆ ಹೆಚ್ಚಾಗಿ 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಡಿಎಲ್‌ಎಲ್ ಸಿಕ್ಕಿದೆ ಅಂತ ಅರ್ಥ. ಲಿಬ್‌ಎಸ್‌ಟಿಡಿಸಿ++-6 ಅನ್ನೋ ಹೆಸರು ಎರಡಕ್ಕೂ ಒಂದೇ, ಹಾಗಾಗಿ ನೋಡಿದರೆ ಗೊತ್ತಾಗಲ್ಲ. ತಂದದ್ದನ್ನು ಅಳಿಸಿಬಿಡಿ. ಅಂಥ ಸೈಟುಗಳಿಂದ ಡಿಎಲ್‌ಎಲ್ ತರುವುದೇ ಬೇಡ, ಅದು ಯಾವ ಕಂಪೈಲರ್‌ನದ್ದು ಅನ್ನೋದಕ್ಕೂ ಖಾತ್ರಿ ಇರಲ್ಲ.

ಇಎಕ್ಸ್‌ಇ ಮೇಲೆ ಮಿಂಗ್‌ಡಬ್ಲ್ಯೂನ ಆಬ್ಜ್‌ಡಂಪ್ (ಫೈಲಿನ ಒಳವಿವರ ತೋರಿಸುವ ಸಾಧನ) ಅನ್ನು -ಪಿ ಕೊಟ್ಟು ಓಡಿಸಿ, "ಡಿಎಲ್‌ಎಲ್ ನೇಮ್" ಸಾಲುಗಳನ್ನು ನೋಡಿ. ಕರ್ನೆಲ್32, ಎಂಎಸ್‌ವಿಸಿಆರ್‌ಟಿ ವಿಂಡೋಸ್‌ನಲ್ಲೇ ಇರುತ್ತವೆ. ನೀವು ಜೊತೆಗೆ ಕೊಡಬೇಕಾದವು ಸಾಮಾನ್ಯವಾಗಿ ಮೂರು: ಲಿಬ್‌ಎಸ್‌ಟಿಡಿಸಿ++-6, ಲಿಬ್‌ಜಿಸಿಸಿ_ಎಸ್_ಎಸ್‌ಇಎಚ್-1, ಲಿಬ್‌ವಿನ್‌ಪಿಥ್ರೆಡ್-1. ಡಿಎಲ್‌ಎಲ್‌ಗಳಿಗೂ ತಮ್ಮದೇ ಅವಲಂಬನೆ ಇರುತ್ತೆ, ಅವುಗಳ ಮೇಲೂ ಆಬ್ಜ್‌ಡಂಪ್ ಓಡಿಸಿ.

ಸುಲಭದ ದಾರಿ: ಲಿಂಕ್ ಮಾಡುವ ಹಂತದಲ್ಲಿ -ಸ್ಟ್ಯಾಟಿಕ್ ಕೊಡಿ, ಲೈಬ್ರರಿಗಳು ಇಎಕ್ಸ್‌ಇ ಒಳಗೇ ಸೇರಿಕೊಳ್ಳುತ್ತವೆ. ಕಂಪೈಲ್ ಹಂತದಲ್ಲಿ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. -ಸ್ಟ್ಯಾಟಿಕ್-ಲಿಬ್‌ಜಿಸಿಸಿ, -ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++ ಎರಡನ್ನೇ ಕೊಟ್ಟು ಬಿಟ್ಟರೆ ಪಾಸಿಕ್ಸ್ ಥ್ರೆಡ್ ಬಗೆಯ (ವಿನ್‌ಪಿಥ್ರೆಡ್ ಬಳಸುವ) ಕಂಪೈಲರ್‌ನಲ್ಲಿ ವಿನ್‌ಪಿಥ್ರೆಡ್ ಡಿಎಲ್‌ಎಲ್‌ನ ಅವಲಂಬನೆ ಉಳಿದುಕೊಳ್ಳುತ್ತೆ. ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ನಿಮ್ಮ ಪ್ರೋಗ್ರಾಂ ತನ್ನದೇ ಡಿಎಲ್‌ಎಲ್‌ಗಳನ್ನು ಲೋಡ್ ಮಾಡಿ, ಎಕ್ಸೆಪ್ಶನ್‌ಗಳು (ಸಿ++ನ ದೋಷ ಸೂಚನೆಗಳು) ಅಲ್ಲಿಂದ ಇಲ್ಲಿಗೆ ದಾಟುವಂತಿದ್ದರೆ ಮಾತ್ರ ಸ್ಟ್ಯಾಟಿಕ್ ಬೇಡ. ಆಗ ಅದೇ ಕಂಪೈಲರ್‌ನ ಡಿಎಲ್‌ಎಲ್‌ಗಳನ್ನೇ ಇಎಕ್ಸ್‌ಇ ಇರುವ ಫೋಲ್ಡರಿಗೆ ಕಾಪಿ ಮಾಡಿ. ಕಂಪೈಲರ್‌ಗೆ -ಪ್ರಿಂಟ್-ಫೈಲ್-ನೇಮ್ ಕೊಟ್ಟು ಡಿಎಲ್‌ಎಲ್‌ನ ಪೂರ್ತಿ ಹೆಸರು ಹೇಳಿದರೆ ಅದು ಎಲ್ಲಿದೆ ಅಂತ ತೋರಿಸುತ್ತೆ.

ಉತ್ತರ 2

ವೈನ್‌ನಲ್ಲಿ ಯಾಕೆ ಓಡ್ತು ಅನ್ನೋದಕ್ಕೆ: ಸ್ಕ್ರಿಪ್ಟಿನಲ್ಲಿ ವೈನ್‌ಪಾಥ್ ವೇರಿಯಬಲ್ ಇದೆಯಾ ನೋಡಿ. ಅದು ಕಂಪೈಲರ್ ಫೋಲ್ಡರನ್ನು ತೋರಿಸುತ್ತಿದ್ದರೆ ಡಿಎಲ್‌ಎಲ್ ಅಲ್ಲಿಂದ ಸಿಕ್ಕಿಬಿಡುತ್ತೆ, ಕೊರತೆ ಕಾಣಿಸಲ್ಲ. ಪರೀಕ್ಷೆ ಮಾಡುವಾಗ ಅದನ್ನು ತೆಗೆದು, ಇಎಕ್ಸ್‌ಇ ಒಂದನ್ನೇ ಖಾಲಿ ಫೋಲ್ಡರಿನಲ್ಲಿಟ್ಟು ಓಡಿಸಿ.

ಫೈಲ್ ಅರ್ಧಕ್ಕೆ ನಿಲ್ಲೋದು ಟೆಕ್ಸ್ಟ್ ಮೋಡ್‌ನಿಂದ ಇರಬೇಕು. ಫೈಲ್ ತೆರೆಯುವ ಎಫ್‌ಓಪನ್‌ಗೆ "ಆರ್" ಅಂತಷ್ಟೇ ಕೊಟ್ಟರೆ ವಿಂಡೋಸ್‌ನ ಸಿ ಲೈಬ್ರರಿ 26 ಅನ್ನೋ ಬೈಟನ್ನು, ಅಂದರೆ ಕಂಟ್ರೋಲ್-ಝಡ್ ಅನ್ನು, ಫೈಲಿನ ಕೊನೆ ಅಂತ ತಿಳಿಯುತ್ತೆ. ಬೈನರಿ ಡೇಟಾದಲ್ಲಿ 26 ಎಲ್ಲಿ ಬೇಕಾದರೂ ಬರಬಹುದು. 13, 10 (ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತು) ಜೋಡಿಯಾಗಿ ಬಂದರೆ 13 ಮಾಯ. ಬರೆಯುವಾಗ ಉಲ್ಟಾ, ಪ್ರತಿ 10ಕ್ಕೆ ಮೊದಲು ಒಂದು 13 ಸೇರುತ್ತೆ. "ಆರ್‌ಬಿ", "ಡಬ್ಲ್ಯೂಬಿ" ಕೊಡಿ. ಸಿ++ ಸ್ಟ್ರೀಮ್ ಆದರೆ ಐಓಎಸ್‌ನ ಬೈನರಿ ಫ್ಲ್ಯಾಗ್. ಲಿನಕ್ಸ್‌ನಲ್ಲಿ ಇದರಿಂದ ಏನೂ ಬದಲಾಗಲ್ಲ, ಎರಡೂ ಕಡೆ ಒಂದೇ ಕೋಡ್ ಇಟ್ಟುಕೊಳ್ಳಬಹುದು.

ಹಾಗೇ ಸ್ಟ್ರಕ್ಟ್‌ಗಳನ್ನೂ (ಹಲವು ಫೀಲ್ಡುಗಳ ಗುಂಪು) ಒಮ್ಮೆ ನೋಡಿ. ಲಾಂಗ್ ಅನ್ನೋ ಪೂರ್ಣಾಂಕ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ಸ್ಟ್ರಕ್ಟನ್ನು ಹಾಗೇ ಫೈಲಿಗೆ ಬರೆದಿದ್ದರೆ ಮುಂದಿನ ಫೀಲ್ಡುಗಳೆಲ್ಲ ಸರಿದುಹೋಗುತ್ತವೆ. ಎರಡೂ ಕಡೆ 8 ಬೈಟ್ ಇರುವ ಇಂಟ್64_ಟಿ ಬಳಸಿ. ಫೈಲಿನಲ್ಲಿ ಎಲ್ಲಿದ್ದೇವೆ ಅಂತ ಹೇಳುವ ಎಫ್‌ಟೆಲ್ ಕೂಡ ಲಾಂಗ್ ಕೊಡುವುದರಿಂದ 2 ಜಿಬಿ ದಾಟಿದ ಫೈಲಿಗೆ ಸಾಲದು, _ಎಫ್‌ಟೆಲ್‌ಐ64 ಬೇಕು.

ಪ್ರಶ್ನೆ ಕೇಳಿದವರು

-ಸ್ಟ್ಯಾಟಿಕ್ ಕೊಟ್ಟ ಮೇಲೆ ಕರ್ನೆಲ್32, ಎಂಎಸ್‌ವಿಸಿಆರ್‌ಟಿ ಎರಡೇ ಉಳಿದವು, ವಿಂಡೋಸ್‌ನಲ್ಲಿ ಓಡ್ತಿದೆ. "ಆರ್‌ಬಿ" ಹಾಕಿದ ಮೇಲೆ ಫೈಲೂ ಪೂರ್ತಿ ಓದುತ್ತೆ. ಆದರೆ ಇಎಕ್ಸ್‌ಇ ತುಂಬಾ ದಪ್ಪ ಆಗಿದೆ.

ಉತ್ತರ 1

ಲಿಂಕ್ ಮಾಡುವಾಗ -ಎಸ್ ಸೇರಿಸಿ, ಸಿಂಬಲ್‌ಗಳು (ಫಂಕ್ಷನ್ ಮುಂತಾದವುಗಳ ಹೆಸರಿನ ಪಟ್ಟಿ) ಹೋಗಿ ಸಾಕಷ್ಟು ಇಳಿಯುತ್ತೆ. -ಎಸ್ ಇಲ್ಲದ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಕ್ರ್ಯಾಶ್ ಆದಾಗ ಜಿಡಿಬಿ ಡೀಬಗರ್‌ಗೆ ಅದೇ ಬೇಕಾಗುತ್ತೆ.