ಅಜ್ಜಮಾಡ ದೇವಯ್ಯ: 1965ರಲ್ಲಿ ಹೋದವರಿಗೆ 1988ರಲ್ಲಿ ಮಹಾವೀರ ಚಕ್ರ ಯಾಕೆ?

ಹಾಸನದ ಸಂಪಿಗೆ

ಹೋದ ತಿಂಗಳು ಮಗನ ಜೊತೆ ಮಡಿಕೇರಿಗೆ ಹೋಗಿದ್ದೆ. ಪೇಟೆಯ ವೃತ್ತದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆ ಇದೆಯಲ್ಲ, ಅವನು ಅಲ್ಲೇ ನಿಂತುಬಿಟ್ಟ. ಮನೆಗೆ ಬಂದು ಅವರ ಬಗ್ಗೆ ಹುಡುಕಿ ಓದಿದ್ದಾನೆ. ಒಂಬತ್ತನೇ ಕ್ಲಾಸು, ಏನು ಸಿಕ್ಕರೂ ಬಿಡುವುದಿಲ್ಲ. ಈಗ ಅವನ ಪ್ರಶ್ನೆ: 1965ರ ಯುದ್ಧದಲ್ಲಿ ತೀರಿಕೊಂಡವರಿಗೆ 1988ರಲ್ಲಿ ಮಹಾವೀರ ಚಕ್ರ ಕೊಟ್ಟದ್ದು ಯಾಕೆ? ಅಷ್ಟು ವರ್ಷ ಏನಾಗಿತ್ತು? ಅವರಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದರಂತೆ. ಅವರಿಗೆ ಏನು ಹೇಳಿದ್ದರು? ಅಂಕಲ್, ಆಂಟಿ ಯಾರಿಗಾದರೂ ಗೊತ್ತಿದ್ದರೆ ಕೇಳಮ್ಮಾ ಅಂದ. ಕೇಳುತ್ತಿದ್ದೇನೆ.

ರೆಕ್ಕೆ

ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಚುಟುಕಾಗಿ ಹೇಳಬೇಕೆಂದರೆ, ಅವತ್ತು ಆಕಾಶದಲ್ಲಿ ಏನಾಯಿತು ಅಂತ ನಮ್ಮ ಕಡೆ ನೋಡಿದವರು ಯಾರೂ ಇರಲಿಲ್ಲ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಬೋಪಯ್ಯ ಡಾಕ್ಟರು. 1954ರಲ್ಲಿ ವಾಯುಪಡೆ ಸೇರಿದರು. ಯುದ್ಧ ಶುರುವಾಗುವ ಹೊತ್ತಿಗೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು, ಅಲ್ಲಿಂದ ನಂಬರ್ 1 ಸ್ಕ್ವಾಡ್ರನ್‌ಗೆ ಕಳಿಸಿದರು. ಪಂಜಾಬಿನ ಆದಂಪುರದಲ್ಲಿತ್ತು ಆ ಸ್ಕ್ವಾಡ್ರನ್. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿ ಮಾಡಬೇಕಿತ್ತು. ದೇವಯ್ಯ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ, ಸ್ಟ್ಯಾಂಡ್‌ಬೈ ಆಗಿದ್ದರು. ಒಂದು ವಿಮಾನ ಹೊರಗುಳಿದಾಗ ಅದರ ಜಾಗಕ್ಕೆ ಇವರು ಹೋದರು.

ನಮ್ಮವು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು, ಶಬ್ದದ ವೇಗಕ್ಕಿಂತ ಕಡಿಮೆ ವೇಗದವು. ಸರ್ಗೋಧಾಕ್ಕೆ ಹೋಗಿ ಬರುವಷ್ಟೇ ಎಣ್ಣೆ, ದಾರಿಯಲ್ಲಿ ಕಾದಾಡಲು ಮಿಕ್ಕುವುದಿಲ್ಲ. ವಾಪಸ್ ಬರುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅನ್ನುವವರು ಸ್ಟಾರ್‌ಫೈಟರ್‌ನಲ್ಲಿ ಬೆನ್ನು ಹತ್ತಿದರು. ಅದು ಅಮೆರಿಕದ್ದು, ಶಬ್ದಕ್ಕಿಂತ ಎರಡು ಪಟ್ಟು ವೇಗ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಅವರು ತಪ್ಪಿಸಿಕೊಂಡು ಓಡಲಿಲ್ಲ, ತಿರುಗಿ ಬಿದ್ದರು. ಏಟು ತಿಂದ ಆ ಹಳೆಯ ಮಿಸ್ಟೇರ್‌ನಲ್ಲೇ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು! ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಆದಂಪುರಕ್ಕೆ ಬರಲಿಲ್ಲ.

ಜೊತೆಗಿದ್ದವರಿಗೆ ಗೊತ್ತಿದ್ದದ್ದು ಇಷ್ಟೇ, ಹೋದವರಲ್ಲಿ ಒಬ್ಬರು ಇಲ್ಲ.

ಹಾಸನದ ಸಂಪಿಗೆ

ಹಾಗಾದರೆ ಕಾದಾಟದ ವಿಷಯ ಗೊತ್ತಾಗಿದ್ದು ಹೇಗೆ?

ರೆಕ್ಕೆ

ಎದುರಾಳಿ ಕಡೆಯಿಂದ. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕರು ಆ ಯುದ್ಧದಲ್ಲಿ ಪಾಕಿಸ್ತಾನ ವಾಯುಪಡೆಯ ಪಾತ್ರದ ಬಗ್ಗೆ ಪುಸ್ತಕ ಬರೆದರು. ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಒಂದು ಮಿಸ್ಟೇರ್ ಬೀಳಿಸಿದ ಸಂಗತಿ ಅದರಲ್ಲಿತ್ತು. ಆ ಮಿಸ್ಟೇರ್ ಯಾರದ್ದು ಅಂತ ನಮ್ಮವರು ಲೆಕ್ಕ ಹಾಕಿದರು. ವಾಪಸ್ ಬಾರದ ಮಿಸ್ಟೇರ್ ದೇವಯ್ಯನವರದ್ದೇ. ಅವತ್ತಿನ ದಾಳಿಯ ಮುಂದಾಳು ಓ. ಪಿ. ತನೇಜಾ ಆಮೇಲೆ ಶಿಫಾರಸು ಮಾಡಿದರು. ಹಾಗೆ 1988 ಬಂತು.

ಇನ್ನೊಂದು ವಿಷಯ, ಓದಿದಾಗ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದು, ನಮ್ಮ ನೆಲದ ತೋಪಿಗೆ ಸಿಕ್ಕಿ, ಸೆರೆಯಾದರು. ದೇವಯ್ಯನವರ ಕೊನೆಯ ಕಾದಾಟ ಕಂಡಿದ್ದ ಮನುಷ್ಯ ಭಾರತದಲ್ಲೇ ಇದ್ದರು. ಆಗಲೂ ಆ ಮನೆಗೆ ಸುದ್ದಿ ಮುಟ್ಟಲಿಲ್ಲ.

ವಿರಾಜಪೇಟೆ ಹುಡುಗಿ

ನಾನು ಅವರ ಮನೆಯವಳಲ್ಲ, ಆದರೆ ಕೊಡವತಿ. ಮನೆಯವರ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಜ್ಜಮಾಡ ಅನ್ನುವುದು ಮನೆತನದ ಹೆಸರು, ನಮ್ಮಲ್ಲಿ ಅದು ಮೊದಲು ಬರುತ್ತದೆ. ಸೆಪ್ಟೆಂಬರ್ ಮೊದಲ ವಾರ ಅಂದರೆ ನಮಗೆ ಕೈಲ್‌ಪೊಳ್ದ್, ಕೋವಿ ಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜೆ ಮಾಡುವ ಹಬ್ಬ. ಆ ಹಬ್ಬದ ಬೆನ್ನಲ್ಲೇ ಅವರು ಹೋದದ್ದು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರು, ಸಾವಾದರೆ ಎರಡು. ಊರಿಗೆಲ್ಲ ಹಾಗೇ ಗೊತ್ತಾಗುತ್ತಿತ್ತು. ಕಾಣೆಯಾದವರಿಗೆ ಎಷ್ಟು? ಮಾದ ಯಾವಾಗ ಮಾಡುವುದು? (ಮಾದ ಅಂದರೆ ಸಾವಾದ ಹನ್ನೊಂದನೇ ದಿನದ ಹೊತ್ತಿಗೆ ಮಾಡುವ ಕರ್ಮ.) ದೇಹ ಬರದಿದ್ದರೆ, ದಿನವೇ ಖಚಿತ ಇಲ್ಲದಿದ್ದರೆ ಮನೆಯ ಹೆಂಗಸರು ಯಾವ ದಿನದಿಂದ ಎಣಿಸಬೇಕು ಹೇಳಿ.

ಅದೇ ಯುದ್ಧದಲ್ಲಿ ನಮ್ಮ ಇನ್ನೊಂದು ಮನೆಗೂ ಹೀಗೇ ಆಗಿತ್ತು. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಸೆಪ್ಟೆಂಬರ್ 22ರಂದು, ಕದನ ವಿರಾಮದ ಹಿಂದಿನ ದಿನ, ಹಂಟರ್ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದರು. ಅವರು ಬದುಕಿದ್ದಾರೆ ಅನ್ನುವ ಸುದ್ದಿ ಬೇಗ ಬಂತು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ನಿಮ್ಮ ಮಗನನ್ನು ವಿಶೇಷವಾಗಿ ನೋಡಿಕೊಳ್ಳುತ್ತೇವೆ ಅಂತ ಹೇಳಿಕಳಿಸಿದರು, ಅಪ್ಪ ಬೇಡ ಅಂದರು, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದರು. ಇದನ್ನು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಹೇಳುತ್ತಾರೆ. 1966ರಲ್ಲಿ ನಂದಾ ಮನೆಗೆ ಬಂದರು.

ಹಾಗೆ ಒಬ್ಬರು ಬಂದಾಗ ದೇವಯ್ಯನವರ ಹೆಂಡತಿ ಏನಂದುಕೊಂಡರೋ. ಅವರೂ ಎಲ್ಲೋ ಸೆರೆಯಲ್ಲಿ ಇರಬಹುದು ಅಂತ ಅನಿಸದೇ ಇರುತ್ತಾ? ನನಗಾದರೆ ಅನಿಸುತ್ತಿತ್ತು.

ನಿವೃತ್ತ ಹವಾಲ್ದಾರ್

ಸೇನೆಯಲ್ಲಿ ಹದಿನೇಳು ವರ್ಷ ಇದ್ದೆ, ಸ್ವಲ್ಪ ದಿನ ಕಚೇರಿಯ ಕಡತಗಳನ್ನು ನೋಡಿಕೊಂಡಿದ್ದೆ. "ಕಾಣೆಯಾಗಿದ್ದಾರೆ" ಅನ್ನುವ ಒಂದು ಪದ ಮನೆಯವರಿಗೆ ಏನು ಮಾಡುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಮೊದಲು ಕಾಣೆ ಅಂತ ಬರೆಯುತ್ತಾರೆ, ಆಮೇಲೆ ಸತ್ತಿದ್ದಾರೆಂದು ಘೋಷಿಸುತ್ತಾರೆ. ದೇವಯ್ಯನವರ ವಿಷಯದಲ್ಲೂ ಹಾಗೇ ಆಯಿತು. ಕಾಗದದಲ್ಲಿ ಅದು ಒಂದು ಸಾಲು. ಒಬ್ಬ ತಾಯಿ ನಮ್ಮ ಕಚೇರಿಗೆ ಬಂದು, ಸಹಿ ಹಾಕಿದರೆ ನಾನೇ ಮಗನನ್ನು ಸಾಯಿಸಿದ ಹಾಗೆ ಅಂತ ಪೆನ್ನು ಮುಟ್ಟಲಿಲ್ಲ. ಯಾರು, ಎಲ್ಲಿಯವರು ಅಂತ ಬರೆಯುವುದಿಲ್ಲ.

1971ರ ಯುದ್ಧದಲ್ಲಿ ಕಾಣೆಯಾದ 54 ಜನರ ಪಟ್ಟಿ ಇದೆ. ಅವರ ಮನೆಯವರು 2007ರಲ್ಲಿ ಪಾಕಿಸ್ತಾನಕ್ಕೇ ಹೋಗಿ ಜೈಲುಗಳಲ್ಲಿ ಹುಡುಕಿ ಬಂದರು. 36 ವರ್ಷದ ಮೇಲೂ! ಹೋಗಬೇಡಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಕೈಯಲ್ಲಿ ಫೋಟೋ, ಫೋಟೋದಲ್ಲಿ ಹುಡುಗ, ಹುಡುಕುವವರಿಗೆ ಬಿಳಿ ಕೂದಲು.

ನಿಮ್ಮ ಮಗನಿಗೆ ಇದನ್ನೂ ಹೇಳಿ ಮೇಡಂ. 1988ರಲ್ಲಿ ಆ ಕುಟುಂಬಕ್ಕೆ ಸಿಕ್ಕಿದ್ದು ಪದಕ ಮಾತ್ರ ಅಲ್ಲ. ಅವರು ಹೇಗೆ ಹೋದರು ಅನ್ನುವುದು ಸಿಕ್ಕಿತು. ಅದಕ್ಕೂ ಮೊದಲು ಹೆಣ್ಣುಮಕ್ಕಳಿಗೆ ಅಪ್ಪ ಅಂದರೆ ಹೋದವರು, ಬರಲಿಲ್ಲ, ಅಷ್ಟೇ ಇದ್ದಿರಬೇಕು.

ಹಾಸನದ ಸಂಪಿಗೆ

ಎಲ್ಲರಿಗೂ ಥ್ಯಾಂಕ್ಸ್. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಜೋರಾಗಿ ಓದಿದೆ. ಎರಡು ಗುಂಡಿನ ವಿಷಯ ಬಂದಾಗ ನನ್ನ ಗಂಟಲು ಕಟ್ಟಿತು, ಉಳಿದದ್ದನ್ನು ಅವನೇ ಓದಿದ. ಮುಂದಿನ ರಜೆಗೆ ಮತ್ತೆ ಮಡಿಕೇರಿಗೆ ಹೋಗಬೇಕಂತೆ, ಈ ಸಲ ಹೂವು ತೆಗೆದುಕೊಂಡು ಹೋಗೋಣ ಅಂತಿದ್ದಾನೆ. ವಿರಾಜಪೇಟೆಯವರೇ, ಕೊಡವರಲ್ಲಿ ಯಾವ ಹೂವು ಇಡುತ್ತಾರೆ ಅಂತ ಅವನೇ ಕೇಳುತ್ತಿದ್ದಾನೆ.